ನಾಲ್ಕನೇ ಕವಲಿನ ಕಲ್ಲು

"ಇನ್ನ ಎರಡ ಮಾರು ಬಿಡ್ರಿ," ಪೇದೆ ಶೋಭಾ ಕೆಳಗಿನಿಂದ ಕೂಗಿದಳು.

ಮೇಲೆ ಹಗ್ಗ ಹಿಡಿದಿದ್ದ ನಾಲ್ವರು ಬಿಟ್ಟರು. ಅವಳ ಬೂಟು ಒದ್ದೆ ಬಂಡೆಗೆ ತಾಗಿ ಜಾರಿತು. ಕವಳಿ ಕಂಟಿಯ ಮುಳ್ಳಿಗೆ ಸಮವಸ್ತ್ರದ ತೋಳು ಹರಿಯಿತು. ಕಾಲಿಗೆ ನೆಲ ಸಿಕ್ಕಿದ ಮೇಲೆ ಅವಳು ಸೊಂಟದ ಹಗ್ಗ ಬಿಚ್ಚದೆಯೇ ಬಗ್ಗಿ, ಕಮರಿಯಲ್ಲಿ ಬಿದ್ದಿದ್ದ ಹುಡುಗಿಯ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟಳು. ತಿಳಿಯಬೇಕಾದ್ದು ಕೂಡಲೇ ತಿಳಿಯಿತು. ಆದರೂ ಬೆರಳು ತೆಗೆಯಲಿಲ್ಲ.

"ಏನಾತು?" ಇನ್‌ಸ್ಪೆಕ್ಟರ್ ಸಿದ್ರಾಯ ಮೇಲಿನಿಂದ ಕೇಳಿದರು.

"ಇಲ್ಲರಿ ಸರ್."

"ಇಲ್ಲ ಅಂದ್ರ?"

"ಜೀವ ಇಲ್ಲರಿ." ಅವಳೇ ಮುಂದುವರಿಸಿ ಹೇಳಿದಳು, "ಕಾಲಾಗ ಬೂಟ ಇಲ್ಲ. ಸಾಕ್ಸೂ ಇಲ್ಲ."

"ಮ್ಯಾಲದಾವು," ಹೆಡ್ ಕಾನ್‌ಸ್ಟೇಬಲ್ ಮಹೇಶ ಅಂಚಿಗೆ ಬಂದು ಬಗ್ಗಿದ. "ಬಾಜೂ ಬಾಜೂ ಜೋಡಿಸಿ ಇಟ್ಟಾಳ. ಒಳಗ ಸಾಕ್ಸ ಮಡಚಿ."

ಆಗ ಸಮಯ ಬೆಳಿಗ್ಗೆ 10.40. ಭಾನುವಾರ, 2025ರ ಸೆಪ್ಟೆಂಬರ್ 28. ಕರಿಮರಡಿ ಗೋಕಾಕ ತಾಲ್ಲೂಕಿನ ಒಂದು ಸಣ್ಣ ಊರು. ಊರ ಹಿಂದೆ ಗುಡ್ಡ, ಗುಡ್ಡದ ತುಂಬ ಬಂದರಕಿ ಮತ್ತು ತಪಸಿಯ ಕಾಡು, ನೆತ್ತಿಯಲ್ಲಿ ಯಾರು ಕಟ್ಟಿಸಿದರೆಂದು ಊರವರಿಗೆ ನೆನಪಿಲ್ಲದ ಒಂದು ಕೋಟೆ. ಮೂರು ಬುರುಜು ಉಳಿದಿವೆ, ಉಳಿದದ್ದು ಕಲ್ಲಿನ ರಾಶಿ. ಹುಕ್ಕೇರಿಯ 'ಗಿರಿನಡೆ ಬಳಗ' ಎಂಬ ಚಾರಣದವರ ಗುಂಪು ಆಗಸ್ಟಿನಲ್ಲಿ ಆ ಕೋಟೆಗೆ ಆರು ಕಿಲೋಮೀಟರಿನ ದಾರಿ ಗುರುತಿಸಿ, ಅದರ ನಕ್ಷೆಯನ್ನು ಮೊಬೈಲಿಗೆ ಹಾಕಿತ್ತು. ಅಂದಿನಿಂದ ಪ್ರತಿ ಭಾನುವಾರ ಊರಿನೊಳಗೆ ಬೈಕುಗಳು ಬರುತ್ತಿದ್ದವು.

ಶವವನ್ನು ಮೇಲೆತ್ತಲು ಎರಡು ತಾಸು ಹಿಡಿಯಿತು. ಮರಣೋತ್ತರ ಪರೀಕ್ಷೆಗೆ ಗೋಕಾಕಕ್ಕೆ ಕಳಿಸಿದರು.

ಮಧ್ಯಾಹ್ನ 2.15ಕ್ಕೆ ಮೃತಳ ತಂದೆ ಬಸವಲಿಂಗ ಠಾಣೆಗೆ ಬಂದರು. ಕೊಣ್ಣೂರಿನಲ್ಲಿ ಕಾಳುಕಡಿಯ ಅಂಗಡಿ ಇಟ್ಟವರು. ದೂರನ್ನು ಬರೆದೇ ತಂದಿದ್ದರು. ಅಕ್ಷರ ದುಂಡಗಿತ್ತು. ಜೊತೆಗಿದ್ದ ಗೆಳತಿ ಹೇಳಿದಂತೆ, ಚಾರಣದ ದಾರಿಯ ನಾಲ್ಕನೇ ಕವಲಿನಲ್ಲಿ ಇರಬೇಕಾಗಿದ್ದ ಬಾಣದ ಕಲ್ಲನ್ನು ಯಾರೋ ತೆಗೆದುಹಾಕಿದ್ದರಿಂದ ನನ್ನ ಮಗಳು ಐಶ್ವರ್ಯ, ವಯಸ್ಸು 21, ದಾರಿ ತಪ್ಪಿ ಕಮರಿಗೆ ಬಿದ್ದು ಮೃತಪಟ್ಟಿದ್ದಾಳೆ, ತೆಗೆದವರ ಮೇಲೂ ದಾರಿ ಮಾಡಿದವರ ಮೇಲೂ ಕ್ರಮ ಜರುಗಿಸಬೇಕು ಎಂದಿತ್ತು.

ಸಿದ್ರಾಯ ಓದಿ ಕೆಳಗಿಟ್ಟರು. "ಕುಂದರ್ರಿ. ಮಗಳು ಮನ್ಯಾಗ ಜಗಳಾ ಮಾಡಿದ್ಲೇನು?"

"ಇಲ್ಲ."

"ಮದಿವಿ ಮಾತು ನಡದಿತ್ತೇನು?"

"ಇಲ್ಲ."

"ಪರೀಕ್ಷಾ?"

"ಪಾಸಾಗ್ಯಾಳ. ಯಾಕ ಕೇಳಾಕತ್ತೀರಿ?"

"ಬೂಟ ಬಿಚ್ಚಿ ಇಟ್ಟಾಳ್ರಿ. ಹಾರಾವ್ರು ಹಂಗ ಬಿಚ್ಚತಾರ. ನಾ ಮೂರ ಕೇಸ್ ನೋಡೀನಿ."

ಬಸವಲಿಂಗ ಮೇಜಿನ ಮೇಲಿನ ತಮ್ಮ ದೂರನ್ನೇ ನೋಡುತ್ತ ಕುಳಿತರು. "ಡಬ್ಬಿಗೆ ಥಾಲಿಪೀಟ ಕಟಗೊಂಡ ಹೋಗ್ಯಾಳ್ರಿ. ನನ್ನ ಪಾಲಿಂದೂ ಒಂದು ಹಾಕ್ಕೊಂಡ್ಲು. ಬಂದ ಮ್ಯಾಲ ಜಗಳಾಡೂಣು ಅಂತಂದು ನಕ್ಕು ಹ್ವಾದ್ಲು. ಸಾಯಾಕ ಹೋಗಾವ್ರು ಡಬ್ಬಿ ಕಟಗೋತಾರೇನ್ರಿ ಸಾಹೇಬ್ರ?"

"ಉಂಡ ಮ್ಯಾಲ ಹಾರಿದಾವ್ರೂ ಅದಾರ."

ಹೇಳಿದ ಮೇಲೆ ಸಿದ್ರಾಯರಿಗೆ ಇದನ್ನು ಹೇಳಬೇಕಾಗಿರಲಿಲ್ಲ ಅನ್ನಿಸಿತು. ಆದರೆ ಹೇಳಿ ಆಗಿತ್ತು. ಬಸವಲಿಂಗ ಎದ್ದು ನಿಂತು, ಎಲ್ಲಿ ಸಹಿ ಮಾಡಬೇಕೆಂದು ಕೇಳಿದರು. ಮಧ್ಯಾಹ್ನ 3.05ಕ್ಕೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು. ಆರೋಪಿ: ಕಲ್ಲನ್ನು ಸರಿಸಿದ ಅಪರಿಚಿತ ವ್ಯಕ್ತಿಗಳು ಮತ್ತು ಇತರರು. ಪಕ್ಕದಲ್ಲಿ ಪೆನ್ಸಿಲಿನಿಂದ ಸಿದ್ರಾಯ ಇನ್ನೊಂದು ಶಬ್ದ ಬರೆದರು: ಆತ್ಮಹತ್ಯೆ? ಪ್ರಶ್ನಾರ್ಥಕ ಚಿಹ್ನೆ ದೊಡ್ಡದಾಗಿ ಬಿತ್ತು.

ಐಶ್ವರ್ಯಳ ಜೊತೆ ಗುಡ್ಡಕ್ಕೆ ಹೋದವಳು ಗೆಳತಿ ನೇತ್ರಾ ಒಬ್ಬಳೇ. ಸಂಜೆ 6 ಗಂಟೆಗೆ ಅವಳ ಮನೆಯ ಪಡಸಾಲೆಯಲ್ಲಿ ಹೇಳಿಕೆ ಪಡೆದರು. ಅವಳು ನೀರಿನ ಲೋಟ ಹಿಡಿದಿದ್ದಳು, ಕುಡಿಯಲಿಲ್ಲ.

"ಕವಲಿನ್ಯಾಗ ಕಲ್ಲ ಇರಲಿಲ್ಲ. ಮೊಬೈಲಿನ್ಯಾಗ ಬರದಿತ್ತು, ಬಿಳಿ ಕಲ್ಲ ಕಂಡ ಕಡೆ ಹೋಗ್ರಿ ಅಂತ. ಎಡಕ್ಕ ದೂರದಾಗ ಒಂದ ಬಿಳಿ ಕಲ್ಲ ಕಾಣಸ್ತು. ಅದರ ಕಡೆ ಹ್ವಾದ್ವಿ."

"ಆಮ್ಯಾಲ?"

"ನಾ ಮುಂದ ಬಂದು ಬುರುಜಿನ ವಿಡಿಯೋ ಮಾಡಾಕತ್ತಿದ್ದೆ. ಆಕಿ ಕಲ್ಲಿನ ಹತ್ರ ನಿಂತ್ಲು. ತಿರುಗಿ ನೋಡಿದ್ರ ಬೂಟಷ್ಟ ಇದ್ವು."

"ಎಷ್ಟೊತ್ತಿಗೆ?"

"ವಿಡಿಯೋದಾಗ ಏಳ ನಲವತ್ತೈತಿ."

"ಬ್ಯಾರೆ ಯಾರರ ಇದ್ರೇನು?"

"ಯಾರೂ ಇಲ್ಲ. ಆಡಿನ ಗಂಟಿ ಸಪ್ಪಳ ಇತ್ತು."

ಮರುದಿನ, ಸೋಮವಾರ ಬೆಳಿಗ್ಗೆ 8ಕ್ಕೆ ಸ್ಥಳ ಪಂಚನಾಮೆ. ಪಂಚರಲ್ಲಿ ಒಬ್ಬ ಕರಿಮರಡಿಯ ಮಾಳಪ್ಪ, ಅರವತ್ತು ದಾಟಿದ ಕುರಿಗಾರ. ಗುಡ್ಡ ಹತ್ತುವಾಗ ಮಹೇಶ ಮೂರು ಸಲ ನಿಂತ. ಮಾಳಪ್ಪ ಬೀಡಿ ಸೇದುತ್ತಲೇ ಹತ್ತಿದ.

ನಾಲ್ಕನೇ ಕವಲಿನಲ್ಲಿ ದಾರಿ ಎರಡಾಗುತ್ತದೆ. ಬಲಗಡೆಯದು ಕೋಟೆಯ ಬಾಗಿಲಿಗೆ ಹೋಗುವಂಥದು. ಎಡಗಡೆಯದು ದಾರಿಯೇ ಅಲ್ಲ, ಆಡು ನಡೆದು ಆದ ಸವಕಲು. ಕವಲಿನ ನೆಲದಲ್ಲಿ ಒಂದು ತಗ್ಗಿತ್ತು, ಕಲ್ಲು ನಿಂತಿದ್ದ ಗುರುತು. ಪಕ್ಕದಲ್ಲಿ ಮುರಿದ ಕಮಾನಿನ ಗೋಡೆ, ಎದೆಯೆತ್ತರ. ಗೋಡೆಯ ಮೇಲೆ ಒರೆಸಿದಂತೆ ಸುಣ್ಣ ಹತ್ತಿತ್ತು. ಅಲ್ಲಿಂದ ಎಡಕ್ಕೆ ಶೋಭಾ ಎಣಿಸಿಕೊಂಡು ನಡೆದಳು: ನೂರಾ ಹದಿನೆಂಟು ಹೆಜ್ಜೆ. ಕೊನೆಯಲ್ಲಿ ಸುಣ್ಣ ಬಳಿದ ಕಲ್ಲು, ಮೊಣಕಾಲೆತ್ತರದ್ದು. ಕಲ್ಲಿನ ಹಿಂದೆ ನಾಲ್ಕು ಹೆಜ್ಜೆ ನೆಲ, ಹಾವಸೆ ಹತ್ತಿದ ಬಂಡೆ, ಕವಳಿ ಕಂಟಿ. ಕಂಟಿಯ ಆಚೆ ಕಮರಿ. ಕಂಟಿ ಇರುವುದರಿಂದ ಕಮರಿ ಇರುವುದು ತಿಳಿಯುವುದಿಲ್ಲ.

ಮಹೇಶ ನಾಣ್ಯದಿಂದ ಕಲ್ಲಿನ ಸುಣ್ಣ ಕೆರೆದ. ಒಳಗೆ ಕಿತ್ತಳೆ ಬಣ್ಣ. ಇನ್ನಷ್ಟು ಕೆರೆದಾಗ ಬಾಣದ ತುದಿ ಕಂಡಿತು.

"ಇದ ಕವಲಿನ ಕಲ್ಲರಿ ಸರ್. ಕಿತ್ತು ಇಲ್ಲಿ ತಂದು ನಟ್ಟಾರ."

ಅವನೂ ಇನ್ನೊಬ್ಬ ಪೇದೆಯೂ ಸೇರಿ ಕಲ್ಲನ್ನು ಎತ್ತಿ ಇಪ್ಪತ್ತು ಹೆಜ್ಜೆ ನಡೆದು, ಇಳಿಸಿ, ಉಸಿರು ಬಿಟ್ಟರು. ಕವಲಿನಿಂದ ಇಲ್ಲಿಯವರೆಗೆ ನೆಲದ ಮೇಲೆ ಎಲ್ಲೂ ಇಳಿಸಿದ ಗುರುತಿರಲಿಲ್ಲ, ಎಳೆದ ಗುರುತೂ ಇರಲಿಲ್ಲ.

"ಇಬ್ಬರ ಕೆಲಸ," ಅಂದರು ಸಿದ್ರಾಯ. "ಗಟ್ಟಿಮುಟ್ಟಾದ ಇಬ್ಬರು. ಮಾಳಪ್ಪ, ಇದನ್ನ ಹೊತ್ತಾವ ಯಾವನು?"

"ನನಗ ಗೊತ್ತಿದ್ದಾವ ಯಾವನೂ ಇಲ್ಲರಿ."

"ನಿಮ್ಮೂರ ಹುಡುಗ್ರು?"

"ನಮ್ಮೂರ ಹುಡುಗ್ರು ಬರೇ ಮೊಬೈಲ ಹೊತಗೊಂಡ ಗುಡ್ಡಾ ಹತ್ತಿದ್ರ ಎರಡ ಸಲ ಕುಂದರ್ತಾರ್ರಿ. ಕಲ್ಲ ಹೊರತಾರ?" ಮಾಳಪ್ಪ ಮಹೇಶನ ಕಡೆ ನೋಡಿದ. "ಇವ್ರ ಗತೇನ."

ಪಂಚನಾಮೆಗೆ ಸಾಲು ಹೇಳುತ್ತಿದ್ದ ಸಿದ್ರಾಯ ನಡುವೆ ನಿಲ್ಲಿಸಿದರು. ಶೋಭಾ ಕಲ್ಲಿದ್ದ ಜಾಗದ ಮುಂದೆ ಒಂದು ಮೊಣಕಾಲೂರಿ ಬೂಟಿನ ಲಾಡಿ ಬಿಚ್ಚುತ್ತಿದ್ದಳು.

"ಏನ್ ಮೇಡಮ್, ಇಲ್ಲೇ ಬಿಡಾರ ಹೂಡ್ತೀರೇನು?" ಮಹೇಶ ನಕ್ಕ.

ಶೋಭಾ ತನ್ನ ಕೈಯನ್ನೇ ನೋಡಿಕೊಂಡಳು, ಬೇರೆಯವರದೇನೋ ಎಂಬಂತೆ. "ಸರ್, ಇಲ್ಲಿ ಬರ್ರಿ. ಕಲ್ಲ ಇದ್ದ ಜಾಗಾ ನೋಡ್ರಿ."

ಮಣ್ಣಿನಲ್ಲಿ ಹಸಿರು ಬಳೆಯ ಚೂರುಗಳಿದ್ದವು. ಸಣ್ಣ ಬಳೆ, ಮಕ್ಕಳದು. ಒಣಗಿದ ಚೆಂಡು ಹೂ. ಕಲ್ಲು ನಿಂತಿದ್ದ ತಗ್ಗಿನ ಅಂಚಿಗೆ ಕುಂಕುಮ ಹತ್ತಿತ್ತು.

"ಇಲ್ಲಿ ಯಾರನ್ನೋ ಹುಗದಾರ್ರಿ," ಅಂದಳು. "ಕುಂಕುಮ ಕಂಡ ಕೂಡಲೇ ನನ್ನ ಕೈ ತಾನ ಬೂಟಿಗೆ ಹೋತು. ನಾ ವಿಚಾರನೂ ಮಾಡಲಿಲ್ಲ. ಆಕೀನೂ ಹಿಂಗ ಬಿಚ್ಚಿರಬೇಕು. ಬರೇ ಕಾಲು, ಹಾವಸಿ ಹತ್ತಿದ ಬಂಡಿ."

ಸಿದ್ರಾಯ ಜೇಬಿನಿಂದ ಪೆನ್ಸಿಲ್ ತೆಗೆದು, ಮತ್ತೆ ಒಳಗಿಟ್ಟರು. ಉಂಡ ಮೇಲೆ ಹಾರಿದವರೂ ಇದ್ದಾರೆ ಎಂದು ಆ ಮನುಷ್ಯನಿಗೆ ತಾವು ಹೇಳಿದ ಮಾತು ನೆನಪಾಯಿತು. ಆದರೆ ಬೂಟು ಬಿಚ್ಚಿದ್ದು ಇದಕ್ಕೇ ಅನ್ನಲು ಸಾಕ್ಷಿ ಇರಲಿಲ್ಲ. ಒಬ್ಬ ಪೇದೆಯ ಕೈ ತಾನಾಗಿ ಲಾಡಿಗೆ ಹೋಯಿತು ಎಂಬುದನ್ನು ಕಡತದಲ್ಲಿ ಬರೆಯಲಾಗುವುದಿಲ್ಲ.

ಕಲ್ಲನ್ನು ಜಪ್ತಿ ಮಾಡಿದರು. ಊರ ಕಾಳಿನ ತಕ್ಕಡಿಯಲ್ಲಿ ಮೂವತ್ತೊಂದು ಕಿಲೋ ತೂಗಿತು.

ಗಿರಿನಡೆ ಬಳಗದ ಅಭಿಷೇಕ ಹುಕ್ಕೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಾನೆ. ಅದೇ ದಿನ ಮಧ್ಯಾಹ್ನ 4ಕ್ಕೆ ಜೀಪು ನಿಂತಾಗ ಅವನು ಶಟರನ್ನು ಅರ್ಧ ಎಳೆದು ಒಳಗೇ ಕೂತಿದ್ದ.

"ದಾರಿಗೆ ಎಷ್ಟು ಕಲ್ಲ ಇಟ್ರಿ?"

"ಹನ್ನೆರಡ್ರಿ. ಕೋಟಿ ಗ್ವಾಡಿಗೆ ಪೇಂಟ್ ಹಚ್ಚಬಾರದು ಅಂತ ಕಂಡೀಶನ್ ಇತ್ತು. ಅದಕ್ಕ ಬಿಡಿ ಕಲ್ಲ ತಂದು, ಸುಣ್ಣ ಬಳದು, ಮ್ಯಾಲ ಬಾಣ ಬರದ್ವಿ."

"ಹನ್ನೆರಡಕ್ಕೂ ನೀವ ಸುಣ್ಣ ಬಳದ್ರಿ?"

ಅಭಿಷೇಕ ಕೈಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರನ್ನು ತಿರುವಿದ. "ಹನ್ನೊಂದಕ್ಕ. ಅವತ್ತು ಸುಣ್ಣ ಖಾಲಿ ಆತು. ನಾಕನೇ ಕವಲಿಗೆ ಕಲ್ಲ ಹುಡುಕೂದ್ರಾಗ ಬಾಜೂಕ ಒಂದು ರೆಡಿ ಸುಣ್ಣದ ಕಲ್ಲ ಸಿಕ್ತು. ನಮಗಿಂತ ಮದಲ ಯಾರೋ ಟ್ರೆಕ್ಕಿಂಗ್ ಮಂದಿ ಇಟ್ಟಿರಬೇಕಂತ ತಿಳದೆ."

"ಅದು ಗೋರಿ ಕಲ್ಲು. ಕುಂಕುಮ ಕಾಣಲಿಲ್ಲೇನು?"

"ಆಗಸ್ಟಿನ ಮಳಿರಿ. ತೊಳದು ಹೋಗಿತ್ತು. ಇದ್ದಿದ್ರ ಮುಟ್ಟತಿದ್ನೇನ್ರಿ?"

"ಎಷ್ಟ ಮಂದಿ ಹೊತ್ರಿ?"

"ನಾಕ ಮಂದಿ. ಫೋಟೋ ಐತಿ."

ಫೋಟೋ ತೋರಿಸಿದ. ನಾಲ್ವರೂ ಕಲ್ಲಿನ ಸುತ್ತ ಹೆಬ್ಬೆರಳು ಎತ್ತಿ ನಿಂತಿದ್ದರು. ಸಿದ್ರಾಯ ಫೋನನ್ನು ಜಪ್ತಿ ಮಾಡಿದರು. ಅಭಿಷೇಕ ಬಾಗಿಲವರೆಗೆ ಬಂದು ಕೇಳಿದ, "ಸರ್, ಅದು ಯಾರ ಗೋರಿ?"

"ಗೊತ್ತಿಲ್ಲ."

"ನನ್ನ ಮ್ಯಾಲೂ ಕೇಸ್ ಐತೇನ್ರಿ?"

"ಐತಿ."

ಹಿಂತಿರುಗುವಾಗ ಜೀಪು ಹತ್ತರಗಿ ದಾಟಿದ ಮೇಲೆ ಶೋಭಾ ಹೇಳಿದಳು, "ಸರ್, ಕಲ್ಲನ್ನ ಗಂಡಸರು ಹೊತ್ತಿಲ್ಲರಿ."

"ಮತ್ತ?"

"ಗಂಡಸರು ಕೈಯಾಗ ಹಿಡಿದು ನಡೀತಾರ, ಅಲ್ಲಲ್ಲಿ ಇಳಸ್ತಾರ. ಇದು ಒಂದ ಏಟಿಗೆ ಹೋಗೇತಿ. ತಲಿ ಮ್ಯಾಲ. ಕಮಾನಿನ ಗ್ವಾಡಿಗೆ ಸುಣ್ಣ ಹತ್ತಿತ್ತಲ್ರಿ? ಹೊರಿ ಹೊರಸಾಕ ಯಾರೂ ಇಲ್ಲದಾಗ ನಮ್ಮವ್ವ ಹಂಗ ಮಾಡತಿದ್ಲು. ಮದಲ ಮೊಣಕಾಲಿಗೆ, ಆಮ್ಯಾಲ ಗ್ವಾಡಿ ಮ್ಯಾಲ. ಬಗ್ಗಿ ಅದರ ಕೆಳಗ ತಲಿ ಕೊಡೂದು. ಮೂವತ್ತೊಂದ ಕಿಲೋ ಅಂದ್ರ ಒಂದ ಕಬ್ಬಿನ ಹೊರಿ. ಒಬ್ಬಾಕಿ ಹೆಂಗಸು ಹೊತಗೊಂಡ ಹೋಗ್ಯಾಳ್ರಿ."

ಮಂಗಳವಾರ ಬೆಳಿಗ್ಗೆ 7ಕ್ಕೆ ಅವರು ಮಾಳಪ್ಪನ ಅಂಗಳದಲ್ಲಿದ್ದರು. ಅವನು ಕಂಬಳಿ ಒದರುತ್ತಿದ್ದ.

"ನಿನ್ನೆ ಸುಳ್ಳ ಯಾಕ ಹೇಳಿದಿ?" ಸಿದ್ರಾಯ ಕೇಳಿದರು.

"ಎಲ್ಲಿ ಹೇಳೀನ್ರಿ? ಹೊತ್ತಾವ ಯಾವನು ಅಂತ ಕೇಳಿದ್ರಿ. ಯಾವನೂ ಹೊತ್ತಿಲ್ಲ."

"ಸರಿ. ಹೊತ್ತಾಕಿ ಯಾವಾಕಿ?"

ಮಾಳಪ್ಪ ಕಂಬಳಿಯನ್ನು ನಿಧಾನವಾಗಿ ಮಡಚಿ ಹೆಗಲಿಗೆ ಹಾಕಿಕೊಂಡ. "ಕಾಡಿನ್ಯಾಗ ಹುಗದದ್ದು ಗೊತ್ತಾದ್ರ ಆಕಿ ಮ್ಯಾಲ ಕೇಸ್ ಹಾಕತಾರಂತ ಊರಿಗೆ ಊರ ಬಾಯಿ ಮುಚಗೊಂಡೈತ್ರಿ. ಆರ ವರ್ಷ ಆತು. ಈಗ ನನ್ನ ಬಾಯಿಂದ ಕೇಳ್ತೀರಿ."

"ಒಂದ ಹುಡಿಗಿ ಸತ್ತೈತಿ, ಮಾಳಪ್ಪ."

"ಅಲ್ಲಿ ಎರಡ ಸತ್ತಾವ್ರಿ."

ಅವನು ಹೇಳಿದ್ದು ಇಷ್ಟು. ಸತ್ತೆವ್ವ, ಆಡು ಮೇಯಿಸುವವಳು. ಗಂಡ ಕುರಿ ಹಿಂಡಿನೊಂದಿಗೆ ಮೀರಜ ಕಡೆ ಹೋದವನು ವರ್ಷಕ್ಕೊಮ್ಮೆ ಬರುತ್ತಾನೆ. 2019ರಲ್ಲಿ ಅವಳ ಒಂಬತ್ತು ವರ್ಷದ ಮಗಳು ಹಣಮಿಗೆ ಗುಡ್ಡದ ಮೇಲೆ ಹಾವು ಕಚ್ಚಿತು. ಕೆಳಗೆ ಹೊತ್ತು ತರುವುದರೊಳಗೆ ಮುಗಿದಿತ್ತು. ಆ ಜಾಗದಿಂದ ನದಿ ಕಾಣುತ್ತದೆ, ಮಗು ಯಾವಾಗಲೂ ಅಲ್ಲೇ ಕೂರುತ್ತಿತ್ತು ಎಂದು ಸತ್ತೆವ್ವ ಹಟ ಹಿಡಿದು, ಮತ್ತೆ ಮೇಲೆ ಒಯ್ದು ಹುಗಿಸಿದಳು. ಪ್ರತಿವರ್ಷ ಮಾನಮಿ ಅಮಾವಾಸ್ಯೆಗೆ ಹೋಗಿ ಕಲ್ಲಿಗೆ ಸುಣ್ಣ ಬಳಿದು, ಬಳೆ ಇಟ್ಟು ಬರುತ್ತಾಳೆ. ಈ ಸಲದ ಅಮಾವಾಸ್ಯೆ ಸೆಪ್ಟೆಂಬರ್ 21ಕ್ಕೆ ಬಿದ್ದಿತ್ತು.

ಐಶ್ವರ್ಯ ಬಿದ್ದದ್ದು ಅದಾದ ಏಳನೇ ದಿನ.

ಆ ಮಂಗಳವಾರ ಸತ್ತೆವ್ವ ಮನೆಯಲ್ಲಿರಲಿಲ್ಲ, ಬೆಲ್ಲದ ಬಾಗೇವಾಡಿಯ ತವರಿಗೆ ಹೋಗಿದ್ದಳು. ಅಕ್ಟೋಬರ್ 1, ಬುಧವಾರ, ಠಾಣೆಯಲ್ಲಿ ಖಂಡೇ ಪೂಜೆ. ಬಂದೂಕುಗಳಿಗೂ ಲಾಠಿಗಳಿಗೂ ಅರಿಸಿನ ಹಚ್ಚಿದರು. ಜೀಪಿಗೆ ಚೆಂಡು ಹೂವಿನ ಮಾಲೆ ಕಟ್ಟಿ, ಗಾಲಿಗೆ ನಿಂಬೆಹಣ್ಣು ಇಟ್ಟರು. ಅವಳು ಊರಿಗೆ ಬಂದ ಸುದ್ದಿ ಬಂದಾಗ ಮಾಲೆ ಬಿಚ್ಚಲು ಯಾರಿಗೂ ತೋಚಲಿಲ್ಲ. ಹಾಗೆಯೇ ಹೋದರು.

ಮಧ್ಯಾಹ್ನ 3.30ಕ್ಕೆ ಸತ್ತೆವ್ವ ಬಾಗಿಲ ಮುಂದೆ ಆಡುಗಳಿಗೆ ಸೊಪ್ಪು ಹಾಕುತ್ತಿದ್ದಳು. ನಲವತ್ತೈದರ ಹೆಂಗಸು, ಸಣಕಲು ಮೈ. ಅವಳ ಕುತ್ತಿಗೆ ಮಾತ್ರ ಗಟ್ಟಿ ಎನ್ನುವುದನ್ನು ಶೋಭಾ ಗಮನಿಸಿದಳು.

"ಕಲ್ಲಿನ ಸಲುವಾಗಿ ಬಂದೀರಿ," ಅಂದಳು ಸತ್ತೆವ್ವ.

"ಹೌದು."

"ಆಡು ಯಾರ ನೋಡತಾರ?"

ಮಾಳಪ್ಪನ ಹೆಂಡತಿ ನೋಡುತ್ತಾಳೆಂದು ಠರಾವಾಯಿತು. 3.50ಕ್ಕೆ ದಸ್ತಗಿರಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ಮಾಲೆ ಹಾಕಿದ ಜೀಪಿನಲ್ಲಿ ಅವಳನ್ನು ಕೂರಿಸಿದಾಗ ಊರ ಹೆಂಗಸರು ಗೋಡೆಗೆ ಒತ್ತಿ ನಿಂತು ನೋಡಿದರು.

ಕಲ್ಲು ಠಾಣೆಯ ಹಿಂದೆ ಬೇವಿನ ಬುಡದಲ್ಲಿ, ಅಪಘಾತದ ಎರಡು ಬೈಕುಗಳ ನಡುವೆ ಇತ್ತು. ಇಳಿದ ಕೂಡಲೇ ಅವಳು ಕಂಡಳು. ಶೋಭಾ ತಡೆಯಲಿಲ್ಲ. ಸತ್ತೆವ್ವ ಹತ್ತಿರ ಹೋಗಿ ನಿಂತಳು, ಮುಟ್ಟಲಿಲ್ಲ.

"ಕೊಳ್ಳಾಗ ಚೀಟಿ ಯಾಕ ಕಟ್ಟೀರಿ?"

"ಮುದ್ದೆಮಾಲಿನ ನಂಬರ್," ಮಹೇಶ ಹೇಳಿದ. "ಜಪ್ತಿ ಮಾಡಿದ ಎಲ್ಲಾ ಮಾಲಿಗೂ ಕಟ್ಟತೀವಿ."

4.45ಕ್ಕೆ ವಿಚಾರಣೆ ಆರಂಭವಾಯಿತು. ಶೋಭಾ ಪಕ್ಕದಲ್ಲಿದ್ದಳು, ಮಹೇಶ ಬರೆಯುತ್ತಿದ್ದ.

"ಅಮಾಸಿ ದಿನ ಕಲ್ಲ ಎಲ್ಲಿತ್ತು?" ಸಿದ್ರಾಯ ಕೇಳಿದರು.

"ದಾರ್ಯಾಗ. ಮ್ಯಾಲ ಬಣ್ಣ ಬಡದಿದ್ರು. ನನ್ನ ಕೂಸಿನ ಮ್ಯಾಲ ಬರೇ ಮಣ್ಣ ಇತ್ತು, ಯಾರೋ ಅಲ್ಲಿ ಕುಂತು ಉಂಡು ಪ್ಲಾಸ್ಟಿಕ್ ಒಗದಿದ್ರು."

"ಬಣ್ಣ ಏನಂತ ತಿಳಿದಿತ್ತೇನು ನಿನಗ?"

"ಬಾಣ. ದಾರಿ ಹೇಳೂದು. ಆ ಹುಡುಗ್ರು ಬ್ಯಾರೆ ಕಲ್ಲಿಗೆ ಬರಿಯೂದು ನೋಡಿದ್ದೆ."

"ತಿಳಿದೂ ತಗೊಂಡಿ."

"ನಂದು. ತಗೊಂಡೆ."

"ಮಂದಿ ದಾರಿ ತಪ್ಪತಾರಂತ ಅನಸಲಿಲ್ಲ?"

"ಅನಸ್ತು. ಅವ್ರು ಇನ್ನೊಂದು ಇಡ್ಲಿ ಅಂದ್ಕೊಂಡೆ. ಗುಡ್ಡದ ತುಂಬ ಕಲ್ಲದಾವು."

ಮಹೇಶನ ಪೆನ್ನು ನಿಂತಿತು. ಸಿದ್ರಾಯ ಬರೆಯುವಂತೆ ಸನ್ನೆ ಮಾಡಿದರು. "ಐತವಾರ ನೀ ಎಲ್ಲಿದ್ದಿ?"

"ಅಲ್ಲೇ. ತಪಸಿ ಗಿಡದ ಕೆಳಗ. ಆಡು ಮೇಯತಿದ್ವು."

"ಹುಡಿಗಿ ಬಿದ್ದಿದ್ದು ನೋಡಿದಿ?"

ಸತ್ತೆವ್ವ ಶೋಭಾಳ ಕಡೆ ತಿರುಗಿ ಹೇಳಿದಳು, ಇನ್‌ಸ್ಪೆಕ್ಟರ್ ಅಲ್ಲಿ ಇಲ್ಲವೇನೋ ಎಂಬಂತೆ. "ಇಬ್ಬರ ಬಂದ್ರವ್ವಾ. ಒಬ್ಬಾಕಿ ಮುಂದ ಹ್ವಾದ್ಲು. ಈಕಿ ನಿಂತ್ಲು. ಕಲ್ಲ ನೋಡಿದ್ಲು, ಬಳಿ ನೋಡಿದ್ಲು. ಕುಂತು ಬೂಟ ಬಿಚ್ಚಿ ಬಾಜೂಕ ಇಟ್ಲು. ಕೈ ಮುಗದ್ಲು. ಆಮ್ಯಾಲ ಸುತ್ತ ಹಾಕಾಕ ಹಿಂದ ಹ್ವಾದ್ಲು. ಹಿಂದ ನೆಲ ಇಲ್ಲ. ನನಗ ಗೊತ್ತೈತಿ, ಅದಕ್ಕ ನಾ ಎಂದೂ ಸುತ್ತ ಹಾಕೂದಿಲ್ಲ."

"ಕೂಗಲಿಲ್ಲ ಯಾಕ?" ಶೋಭಾಳೇ ಕೇಳಿಬಿಟ್ಟಳು.

"ಕೂಗಬೇಕಿತ್ತು." ಸತ್ತೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆರ ವರ್ಷದಾಗ ನನ್ನ ಬಿಟ್ಟು ಯಾರೂ ಹಣಮಿಗೆ ಕೈ ಮುಗದಿಲ್ಲ. ಹಡದಪ್ಪನೂ ಮುಗದಿಲ್ಲ. ನೋಡಕೋತ ಕುಂತೆ. ಇನ್ನೊಂದೀಟು ನೋಡೂಣು ಅಂತ ಕುಂತೆ. ಕೂಗಿದ್ರ ನಿಲ್ಲಸ್ತಾಳ ಅನಸ್ತು. ಅಷ್ಟರಾಗ ಇಲ್ಲ."

ಹೊರಗೆ ಯಾರೋ ಖಂಡೇ ಪೂಜೆಯ ಚುರುಮುರಿ ಹಂಚುತ್ತಿದ್ದರು. ಪೇದೆಯೊಬ್ಬ ಬಾಗಿಲಲ್ಲಿ ತಟ್ಟೆ ಹಿಡಿದು ಬಂದವನು ಒಳಗೆ ನೋಡಿ ಹಿಂದಕ್ಕೆ ಹೋದ.

ಸಿದ್ರಾಯ ಮಹೇಶನಿಂದ ಹಾಳೆ ತೆಗೆದುಕೊಂಡು ಓದಿದರು. ಎರಡು ಸಲ ಓದಿದರು. ಆಮೇಲೆ ಅದನ್ನು ಮಡಚಿ ಪಕ್ಕಕ್ಕಿಟ್ಟು, ಹೊಸ ಹಾಳೆಯಲ್ಲಿ ತಾವೇ ಬರೆದರು. ಆರು ಸಾಲು. ಬರೆದದ್ದನ್ನು ಗಟ್ಟಿಯಾಗಿ ಓದಿದರು.

"'ಕಲ್ಲು ನನ್ನ ಮಗಳ ಗೋರಿಯದಾಗಿದ್ದರಿಂದ ವಾಪಸ್ ತಂದು ಇಟ್ಟಿರುತ್ತೇನೆ. ಅದರ ಮೇಲಿನ ಬಣ್ಣವು ದಾರಿಯ ಗುರುತು ಎಂದು ನನಗೆ ತಿಳಿದಿರಲಿಲ್ಲ. ದಿನಾಂಕ 28ರಂದು ನಾನು ಗುಡ್ಡದ ಮೇಲೆ ಇರಲಿಲ್ಲ. ಮೃತಳನ್ನು ನಾನು ನೋಡಿರುವುದಿಲ್ಲ.' ಇಷ್ಟ ಐತಿ. ಇದರ ಮ್ಯಾಲ ಒತ್ತು."

"ಒತ್ತಿದ್ರ?"

"ಬೇಲ್ ಆಕ್ಕತಿ. ಕೇಸ್ ನಿಲ್ಲೂದಿಲ್ಲ. ಕೇಸ್ ಮುಗದ ದಿನ ಅರ್ಜಿ ಹಾಕಿ ಕಲ್ಲ ಬಿಡಿಸಿಕೊಡತೀನಿ. ನಾನ ತಂದು, ಇದ್ದ ಜಾಗಾದಾಗ ಇಡಸ್ತೀನಿ. ಯಾರ ಏನಂದ್ರೂ."

"ಖರೇನ ಕಲ್ಲ ಕೊಡತೀರಿ?"

"ಖರೇನ."

ಸತ್ತೆವ್ವ ಕಿಟಕಿಯ ಕಡೆ ನೋಡಿದಳು. ಅಲ್ಲಿಂದ ಬೇವಿನ ಟೊಂಗೆ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ. ತುಂಬ ಹೊತ್ತು ನೋಡಿದಳು.

"ಇದರಾಗ ಆಕಿ ಕೈ ಮುಗದದ್ದು ಎಲ್ಲೈತ್ರಿ?"

"ಅದು ಇರಂಗಿಲ್ಲ. ನೀ ಅಲ್ಲಿ ಇರಲಿಲ್ಲ ಅಂದ ಮ್ಯಾಲ ನೋಡಿದಾವ್ರು ಯಾರೂ ಇಲ್ಲ."

"ಬೂಟ ಬಿಚ್ಚಿದ್ದು?"

"ಅದಕ್ಕ ಏನರ ಒಂದ ಬರಕೋತೀವಿ."

"ಏನ ಬರಕೋತೀರಿ?"

ಸಿದ್ರಾಯ ಎಫ್‌ಐಆರಿನ ಪಕ್ಕ ತಾವು ಪೆನ್ಸಿಲಿನಿಂದ ಬರೆದಿದ್ದ 'ಆತ್ಮಹತ್ಯೆ?' ಎಂಬುದರ ಮೇಲೆ ಕಡತ ಮುಚ್ಚಿದರು. ಶಾಯಿಯ ಪ್ಯಾಡಿನ ಮುಚ್ಚಳ ತೆಗೆದು ಅವಳ ಮುಂದೆ ಸರಿಸಿದರು. "ನಾಳೆ ಮುಂಜಾನಿ ಜಡ್ಜ್ ಮುಂದ ನಿಲ್ಲಸಬೇಕು. ಆಮ್ಯಾಲ ನನ್ನ ಕೈಯಾಗ ಏನೂ ಇರೂದಿಲ್ಲ. ಕಲ್ಲೂ ಇರೂದಿಲ್ಲ. ವಿಚಾರ ಮಾಡವ್ವಾ."

ಸತ್ತೆವ್ವ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡಳು.

"ನಾ ನೋಡೀನಿ," ಅಂದಳು. "ಒತ್ತೂದಿಲ್ಲ."